ಹೇಳಿ ಒಯ್ದ ಕೋವಿ, ಮರೆತು ಒಯ್ದ ತೋಟೆ

ನಮ್ಮಲ್ಲೊಬ್ಬನಿಗೆ ಆದದ್ದನ್ನು ಈ ಸಲ ಬರೆಯುತ್ತಿದ್ದೇವೆ. ಯಾರಿಗೆ ಅಂತ ಹೇಳುವುದಿಲ್ಲ. ಹೇಳಿದರೆ ಅವನು ಊರಿನ ಅರಳಿಕಟ್ಟೆ ಮೇಲೆ ಕೂರುವಂತಿಲ್ಲ. ನಾವು ನಾಲ್ವರು ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದಿ, ಮೈಸೂರಲ್ಲೇ ಒಂದು ರೂಮು ಮಾಡಿಕೊಂಡು ಇರುವವರು. ನಾಲ್ವರಲ್ಲಿ ಯಾರಿಗೆ ಏನಾದರೂ ಅದು ನಾಲ್ವರಿಗೂ ಆದಂತೆಯೇ. ಆದ್ದರಿಂದ ‘ನಾವು’ ಎಂದೇ ಬರೆಯುತ್ತೇವೆ.

ನಮ್ಮಲ್ಲಿ ಒಬ್ಬ ಗೋಣಿಕೊಪ್ಪದ ಕಡೆಯವನು. ಅವನ ಸೋದರಮಾವ ಸೇನೆಯಿಂದ ನಿವೃತ್ತರಾಗಿ ಮೈಸೂರಿನ ವಿಜಯನಗರದಲ್ಲಿದ್ದಾರೆ. ಅವನಿಗೆ ಮಾವ ಅಂದಮೇಲೆ ನಮಗೂ ಮಾವ. ಸೆಪ್ಟೆಂಬರ್ 3ರ ಕೈಲ್‌ಪೋದ್ ಹಬ್ಬಕ್ಕೆ ಅವರು ನಮ್ಮನ್ನೆಲ್ಲ ಊರಿಗೆ ಕರೆದುಕೊಂಡು ಹೋಗಿದ್ದರು. ನಾಟಿ ಕೆಲಸ ಮುಗಿದ ಮೇಲೆ ಬರುವ ಹಬ್ಬ ಅದು. ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು, ಒರೆಸಿ, ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಕಡುಬು, ಪಂದಿಕರಿ. ಊಟ ಮುಗಿಸಿ ಮೈದಾನಕ್ಕೆ ಹೋಗಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ನಾವು ವರದಿಗೆ ಹೋದವರು. ತೋಟೆಯ ಫೋಟೊ ಬೇಕು ಅಂದೆವು. ಕೋವಿಗೆ ಹಾಕುವ ಗುಂಡನ್ನು ಆ ಕಡೆ ತೋಟೆ ಅನ್ನುತ್ತಾರೆ. ಮಾವ ಒಂದನ್ನು ಕೈಗೆ ಕೊಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಕೆಂಪು ಪ್ಲಾಸ್ಟಿಕ್ಕಿನ ಮೈ, ಹಿತ್ತಾಳೆಯ ತಳ. ಫೋಟೊ ತೆಗೆಯುವಷ್ಟರಲ್ಲಿ ಕೊಡಗಿನ ಮಳೆ ಸುರಿಯಿತು. ಕ್ಯಾಮೆರಾ ಬ್ಯಾಗಿಗೆ ಹಾಕಿ ಓಡಿದೆವು. ಓಡುವ ಅವಸರದಲ್ಲಿ ತೋಟೆ ಬ್ಯಾಗಿನ ಪಕ್ಕದ ಜೇಬು ಸೇರಿತು. ಅಷ್ಟೇ. ಮೂರು ತಿಂಗಳು ಅದು ಅಲ್ಲೇ ಇತ್ತು. ಹುಣಸೂರು ಬಸ್ಸಿನಲ್ಲಿ, ಗ್ರಂಥಾಲಯದಲ್ಲಿ, ದಸರಾ ನೂಕುನುಗ್ಗಲಲ್ಲಿ ಅದೇ ಬ್ಯಾಗು ನಮ್ಮ ಬೆನ್ನ ಮೇಲಿತ್ತು.

ಡಿಸೆಂಬರಿನಲ್ಲಿ ನಮ್ಮವನಿಗೆ ಹೈದರಾಬಾದಿನಿಂದ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಜೀವನದಲ್ಲಿ ಮೊದಲ ವಿಮಾನ. ಅವನ ಅಪ್ಪ ಹೊಗೆಸೊಪ್ಪಿನ ದುಡ್ಡಲ್ಲಿ ಟಿಕೆಟ್ ಮಾಡಿಸಿದ್ದರು. ರೂಮಿನಲ್ಲಿ ಗಟ್ಟಿಯಾಗಿದ್ದ ಬ್ಯಾಗು ಅದೊಂದೇ. ಅದನ್ನೇ ಕೊಟ್ಟು ಕಳಿಸಿದೆವು.

ಯಾವ ವಿಮಾನ ನಿಲ್ದಾಣ ಅನ್ನುವುದು ಬೇಡ. ತಪ್ಪು ನಮ್ಮದು, ಅವರದ್ದಲ್ಲ. ಸ್ಕ್ಯಾನ್ ಯಂತ್ರದೊಳಗೆ ಹೋದ ಬ್ಯಾಗು ಆಚೆ ಬರಲಿಲ್ಲ. ಬೆಲ್ಟು ನಿಂತಿತು. “ಈ ಬ್ಯಾಗ್ ಯಾರದ್ದು?” ಎಂದು ಕೇಳಿದಾಗ ನಮ್ಮವನು ಸಂಕೋಚವಿಲ್ಲದೆ ಕೈ ಎತ್ತಿದ. ನೀರಿನ ಬಾಟಲಿ ಇರಬೇಕು ಅಂದುಕೊಂಡಿದ್ದನಂತೆ. ಅಧಿಕಾರಿ ಪಕ್ಕದ ಜೇಬಿಗೆ ಕೈ ಹಾಕಿ ಆ ಕೆಂಪು ತೋಟೆ ತೆಗೆದು ಮೇಜಿನ ಮೇಲೆ ಇಟ್ಟಾಗ ಅವನಿಗೆ ಕಾಲು ಬಿದ್ದುಹೋದಂತಾಯಿತು.

“ಲೈಸೆನ್ಸ್ ಇದೆಯಾ?”

“ಇಲ್ಲ ಸಾರ್. ನಂದಲ್ಲ ಸಾರ್.”

“ನಿಂದಲ್ಲದಿದ್ದರೆ ನಿನ್ನ ಬ್ಯಾಗಿಗೆ ಹೇಗೆ ಬಂತು?”

ಆ ಪ್ರಶ್ನೆಗೆ ಉತ್ತರ ಕೊಡಲು ನಾಲ್ಕು ಗಂಟೆ ಬೇಕಾಯಿತು. ಪೊಲೀಸರು ಬಂದರು. ಹೆಸರು, ಊರು, ಅಪ್ಪನ ಹೆಸರು, ಯಾಕೆ ಹೋಗುತ್ತಿದ್ದೀಯ, ಯಾರು ಕೊಟ್ಟರು, ಇನ್ನೂ ಎಷ್ಟಿವೆ. ನಮಗೆ ಫೋನು ಬಂದಾಗ ಮಾತೇ ಹೊರಡಲಿಲ್ಲ. ಮಾವನ ಮನೆಗೆ ಓಡಿದೆವು. ಅವರು ಒಂದು ಮಾತೂ ಆಡದೆ ಬೀರು ತೆಗೆದು, ಕಾಗದದ ಕವರು ಹಿಡಿದು ಕಾರು ಹತ್ತಿದರು. ಅವರು ತಲುಪಿ, ತೋಟೆ ತನ್ನದು ಎಂದು ಬರೆದುಕೊಟ್ಟು, ತನ್ನ ಹಕ್ಕಿನ ಪತ್ರ, ತೋಟೆ ಕೊಂಡ ರಸೀದಿ ಎಲ್ಲ ತೋರಿಸಿದರು. ಹಬ್ಬದ ದಿನದ ಫೋಟೊಗಳು ನಮ್ಮ ಕ್ಯಾಮೆರಾದಲ್ಲಿ ತಾರೀಖು ಸಮೇತ ಇದ್ದವು. ಹೇಳಿಕೆ ಬರೆಸಿಕೊಂಡು, ತೋಟೆ ಇಟ್ಟುಕೊಂಡು ಬಿಟ್ಟರು.

ವಿಮಾನ ಹೋಗಿಯಾಗಿತ್ತು. ಸಂದರ್ಶನವೂ ಹೋಯಿತು. ಆ ಕಂಪನಿಯವರಿಗೆ ಏನಂತ ಹೇಳುವುದು? ‘ಜ್ವರ’ ಅಂದ.

ಕೇಸು ಆಗಲಿಲ್ಲ ಅನ್ನುವುದು ನಮ್ಮ ಅದೃಷ್ಟ. ಎಲ್ಲರಿಗೂ ಹಾಗೆ ಆಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೋವಿಗೆ ಮಾತ್ರವಲ್ಲ, ಅದರ ಗುಂಡಿಗೂ ಲೈಸೆನ್ಸ್ ಬೇಕು. ಇಲ್ಲದೆ ಸಿಕ್ಕರೆ 25ನೇ ಸೆಕ್ಷನ್, ಅಂದರೆ ಜೈಲು ಶಿಕ್ಷೆ ಕೊಡಬಹುದಾದ ಅಪರಾಧ. ಒಂದೇ ಗುಂಡು ಸಿಕ್ಕಿ ಎಫ್‌ಐಆರ್ ಆದ ಪ್ರಯಾಣಿಕರು ನಮ್ಮ ದೇಶದಲ್ಲಿ ಬಹಳ ಜನ ಇದ್ದಾರೆ. ತನ್ನ ಬಳಿ ಇದೆ ಎಂಬ ಅರಿವು ಇದ್ದರೆ ಮಾತ್ರ ಅದು ‘ಹೊಂದಿರುವುದು’ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದು ವಕೀಲರನ್ನಿಟ್ಟು ಕೋರ್ಟಿನಲ್ಲಿ ಆಡುವ ಮಾತು. ಸ್ಕ್ಯಾನ್ ಯಂತ್ರದ ಮುಂದೆ ಅದು ನಡೆಯುವುದಿಲ್ಲ. ಕೋರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ವರ್ಷಗಳು ಹೋಗಿರುತ್ತವೆ, ದುಡ್ಡೂ ಹೋಗಿರುತ್ತದೆ.

ಇನ್ನು ಕತೆಯ ಎರಡನೇ ಭಾಗ. ಫೆಬ್ರವರಿಯಲ್ಲಿ ಮಾವ ರೂಮಿಗೆ ಬಂದರು. ಅವರು ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಟ್ರ್ಯಾಪ್ ಪಂದ್ಯದಲ್ಲಿ ಹಿರಿಯರ ವಿಭಾಗದಲ್ಲಿ ಆಡುತ್ತಾರೆ. ದೆಹಲಿಯ ತುಘಲಕಾಬಾದಿನಲ್ಲಿರುವ ಕರ್ಣಿ ಸಿಂಗ್ ರೇಂಜಿಗೆ ಹೋಗಬೇಕಿತ್ತು. 1982ರ ಏಷ್ಯನ್ ಗೇಮ್ಸ್‌ಗೆಂದು ಕಟ್ಟಿದ ರೇಂಜು ಅದು. ಜೊತೆಗೆ ಕೋವಿ ಒಯ್ಯಬೇಕು, ವಿಮಾನದಲ್ಲಿ.

“ಇವನೂ ಬರಲಿ. ಟಿಕೆಟ್ ನಾನು ಮಾಡಿಸ್ತೀನಿ” ಅಂದರು, ಅದೇ ನಮ್ಮವನನ್ನು ತೋರಿಸಿ.

ಅವನು ಕೈ ಮುಗಿದ. “ಬೇಡ ಮಾವ. ವಿಮಾನ ಕಂಡರೆ ಹೊಟ್ಟೆ ತೊಳಸುತ್ತೆ.”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಹಬ್ಬದ ರಾತ್ರಿ ತೋಟೆ ಎಣಿಸಿದೆ. ಒಂದು ಕಡಿಮೆ ಬಂತು. ಮಳೆಯಲ್ಲಿ ಎಲ್ಲೋ ಬಿತ್ತು ಅಂದ್ಕೊಂಡೆ. ಒಂದು ಫೋನ್ ಮಾಡಿ ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಮೂವತ್ತು ವರ್ಷ ಸೇನೆಯಲ್ಲಿದ್ದವನು ಎಣಿಕೆ ತಪ್ಪಿದ್ದನ್ನು ಬಿಟ್ಟುಬಿಟ್ಟೆ. ನಿನ್ನ ಕೆಲಸ ಹೋದದ್ದರಲ್ಲಿ ನನ್ನ ಪಾಲೂ ಇದೆ. ಬಾ, ಕೋವಿ ಹೇಗೆ ಒಯ್ಯೋದು ಅಂತ ತೋರಿಸ್ತೀನಿ.”

ಆಮೇಲೆ ಅವನು ಇಲ್ಲ ಅನ್ನಲಿಲ್ಲ.

ಹೊರಡುವ ಹಿಂದಿನ ದಿನ ನಾವೆಲ್ಲ ಮಾವನ ಮನೆಯಲ್ಲಿ ಸೇರಿದ್ದೆವು. ಅವರಿಗಿರುವುದು ಲೈಸೆನ್ಸ್ ಅಲ್ಲ, ವಿನಾಯಿತಿ ಪತ್ರ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿದೆ. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಕೊಡಗಿನ ಹೊರಗೆ ಇರುವಾಗ, ಪ್ರಯಾಣ ಮಾಡುವಾಗ ಎಷ್ಟು ಇಟ್ಟುಕೊಳ್ಳಬಹುದು ಎಂಬ ಮಿತಿಯೂ ಈ ವಿನಾಯಿತಿಯಲ್ಲಿದೆ. ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ಕೋವಿ, ಅದಕ್ಕೆ 500 ತೋಟೆ.

“ಹಾಗಾದರೆ ಐನೂರು ಒಯ್ಯಬಹುದಲ್ಲ ಮಾವ?” ಅಂತ ಕೇಳಿದೆವು.

“ನೆಲದ ಮೇಲೆ ಐನೂರು. ವಿಮಾನದ ಲೆಕ್ಕ ಬೇರೆ” ಅಂದರು. ಅಂತರರಾಷ್ಟ್ರೀಯ ವಿಮಾನ ನಿಯಮದಲ್ಲಿ ಒಬ್ಬ ಪ್ರಯಾಣಿಕನಿಗೆ ಗುಂಡಿನ ಮಿತಿ ಡಬ್ಬಿಯ ತೂಕವೂ ಸೇರಿ 5 ಕಿಲೊ. ಇಬ್ಬರ ಪಾಲು ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಇಡುವಂತೆಯೂ ಇಲ್ಲ. ವಿಮಾನ ಕಂಪನಿ ಇದಕ್ಕಿಂತ ಕಡಿಮೆ ಮಿತಿ ಇಟ್ಟರೆ ಅದನ್ನೇ ಪಾಲಿಸಬೇಕು. 12 ಬೋರಿನ ಒಂದು ತೋಟೆ 40–50 ಗ್ರಾಂ ತೂಗುತ್ತದೆ. ಐನೂರು ಅಂದರೆ 20 ಕಿಲೊ ದಾಟುತ್ತದೆ. ಮಾವ ಇಟ್ಟುಕೊಂಡದ್ದು ಒಂದೇ ಡಬ್ಬಿ, 25 ತೋಟೆ.

ಅವರು ವಾರದ ಮೊದಲೇ ವಿಮಾನ ಕಂಪನಿಗೆ ಫೋನು ಮಾಡಿ, ವಿನಾಯಿತಿ ಪತ್ರದ ನಕಲನ್ನು ಇಮೇಲ್ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ತರಿಸಿಕೊಂಡಿದ್ದರು. “ಕೌಂಟರಿನಲ್ಲಿ ಕೂತಿರೋ ಹುಡುಗಿಗೆ ಕೊಡಗಿನ ಕಾನೂನು ಗೊತ್ತಿರಬೇಕು ಅಂತೇನಿಲ್ಲ. ಗೊತ್ತಿಲ್ಲದಿದ್ದರೆ ಅದು ಅವಳ ತಪ್ಪೂ ಅಲ್ಲ. ಕಾಗದ ನಮ್ಮ ಕೈಯಲ್ಲಿರಬೇಕು.” ಕೋವಿಯನ್ನು ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಏನೂ ಇಲ್ಲ ಅಂತ ನಮಗೆಲ್ಲ ತೋರಿಸಿದರು. ಬಿಡಿಭಾಗಗಳನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ತೋಟೆಯ ಡಬ್ಬಿ ಬೇರೆಯೇ. ಡಬ್ಬಿ ಮುಚ್ಚುವ ಮೊದಲು ಎಣಿಸಿದರು, ನಮ್ಮಿಂದ ಎಣಿಸಿದರು, ಮತ್ತೆ ಒಂದು ಸಲ ಎಣಿಸಿದರು. ಇಪ್ಪತ್ತೈದು.

ಅಷ್ಟಾದ ಮೇಲೆ ನಮ್ಮವನ ಕಡೆ ತಿರುಗಿ, “ನಿನ್ನ ಬ್ಯಾಗ್ ತಾ” ಅಂದರು. ಅದನ್ನು ತಲೆಕೆಳಗು ಮಾಡಿ ಹಾಸಿಗೆ ಮೇಲೆ ಸುರಿದರು. ಎಲ್ಲ ಜೇಬು ಹೊರಗೆ ಎಳೆದರು. ಒಂದು ಬಸ್ ಟಿಕೆಟು, ಒಂದು ಪೆನ್ನಿನ ಮುಚ್ಚಳ, ಕಡಲೆಬೀಜದ ಸಿಪ್ಪೆ.

ಮಾರನೆಯ ದಿನ ನಡೆದದ್ದನ್ನು ನಮ್ಮವನೇ ಹೇಳಿದ. ಮೂರು ಗಂಟೆ ಮೊದಲೇ ಹೋಗಿದ್ದರು. ಕೌಂಟರಿನಲ್ಲಿ ಹೆಸರು ಹೇಳುವ ಮೊದಲೇ ಮಾವ ಹೇಳಿದ ಮಾತು: “ನನ್ನ ಲಗೇಜಿನಲ್ಲಿ ಒಂದು ಕೋವಿ ಇದೆ, 25 ತೋಟೆ ಇದೆ, ಕಾಗದ ಇಲ್ಲಿದೆ.” ಯಾರೂ ಗಾಬರಿ ಆಗಲಿಲ್ಲ. ಭದ್ರತೆಯವರನ್ನು ಕರೆಸಿದರು. ಪೆಟ್ಟಿಗೆ ತೆರೆಸಿ, ಕೋವಿ ಖಾಲಿ ಇದೆಯೇ ನೋಡಿ, ನಂಬರನ್ನು ಕಾಗದದ ಜೊತೆ ತಾಳೆ ನೋಡಿ, ತೋಟೆ ಎಣಿಸಿ, ಒಂದು ಫಾರಂ ತುಂಬಿಸಿ ಸಹಿ ಹಾಕಿಸಿಕೊಂಡರು. ಶುಲ್ಕ ಕಟ್ಟಿಸಿಕೊಂಡರು. ಪೆಟ್ಟಿಗೆ ವಿಮಾನದ ಹೊಟ್ಟೆಗೆ ಹೋಯಿತು. ಎಲ್ಲ ಸೇರಿ ಮುಕ್ಕಾಲು ಗಂಟೆ. ದೆಹಲಿಯಲ್ಲಿ ಅದು ಎಲ್ಲರ ಲಗೇಜಿನ ಜೊತೆ ಬೆಲ್ಟಿನ ಮೇಲೆ ಬರಲಿಲ್ಲ. ಸಿಬ್ಬಂದಿಯೇ ತಂದು, ಗುರುತು ನೋಡಿ, ಕೈಗೆ ಕೊಟ್ಟರು.

“ಒಂದು ತೋಟೆಗೆ ನಾಲ್ಕು ಗಂಟೆ ಕೂರಿಸಿದ್ದರು. ಇಡೀ ಕೋವಿಗೆ ಮುಕ್ಕಾಲು ಗಂಟೆ” ಅಂದ ನಮ್ಮವನು. ಯೋಚಿಸಿದರೆ ವ್ಯತ್ಯಾಸ ಇಷ್ಟೇ. ಮಾವ ತಾವೇ ಮೊದಲು ಹೇಳಿದರು, ನಾವು ಅವರು ಹುಡುಕಿ ತೆಗೆಯುವ ತನಕ ಹೇಳಲಿಲ್ಲ. ಇದೆ ಅಂತ ನಮಗೇ ಗೊತ್ತಿರಲಿಲ್ಲ ನಿಜ. ಆದರೆ ಮೇಜಿನ ಆಚೆ ಕೂತವರಿಗೆ ಮರೆತವನೂ ಬಚ್ಚಿಟ್ಟವನೂ ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತಾರೆ.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇವೆ ಅಂದರೆ, ಹಂದಿ, ಆನೆ ಕಾಟ ಇರುವ ನಮ್ಮ ಊರುಗಳಲ್ಲಿ ಬೆಳೆ ಕಾಯುವ ಕೋವಿ ಇರುವ ಮನೆಗಳು ಎಷ್ಟೋ ಇವೆ. ಅಪ್ಪ ತೋಟಕ್ಕೆ ಒಯ್ಯುತ್ತಿದ್ದ ಬ್ಯಾಗನ್ನೇ ಮಗ ಕಾಲೇಜಿಗೆ, ಮಗಳು ಕೆಲಸದ ಊರಿಗೆ ಒಯ್ಯುತ್ತಾಳೆ. ಈಗ ಅದೇ ಬ್ಯಾಗು ವಿಮಾನವನ್ನೂ ಹತ್ತುತ್ತಿದೆ. ಹೊಡೆದು ಖಾಲಿಯಾದ ತೋಟೆಯ ಸಿಪ್ಪೆ ಇದ್ದರೂ ಬ್ಯಾಗು ನಿಲ್ಲಿಸುತ್ತಾರೆ. ಕಡಿಮೆ ಶಕ್ತಿಯ 4.5 ಮಿ.ಮೀ. ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ, ಆದರೂ ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಮದುವೆಗೆ ಒಯ್ಯುವ ಪೀಚೆಕತ್ತಿಯೂ ಅಷ್ಟೇ, ಕೆಳಗೆ ಹಾಕುವ ಲಗೇಜಿನಲ್ಲೇ ಇರಬೇಕು. ಲೈಸೆನ್ಸ್ ಇರುವವರು ಬೇರೆ ರಾಜ್ಯಕ್ಕೆ ಕೋವಿ ಒಯ್ಯುವ ಮೊದಲು ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಗಡಿ ದಾಟಿಸಬೇಡಿ. ಕೇಳಬೇಕಾದ ಜಾಗ ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಹಳ್ಳಿಯವರಿಗೆ ಜಿಲ್ಲಾಧಿಕಾರಿ ಕಚೇರಿ.

ಮಾವನಿಗೆ ದೆಹಲಿಯಲ್ಲಿ ಪದಕ ಬರಲಿಲ್ಲ. ನಮ್ಮವನು ಪಂದ್ಯದ ಬಗ್ಗೆ ಬರೆದ ವರದಿಯನ್ನು ಇನ್ನೊಂದು ಅರ್ಜಿಯ ಜೊತೆ ಕಳಿಸಿದ್ದಾನೆ. ಉತ್ತರಕ್ಕೆ ಕಾಯುತ್ತಿದ್ದೇವೆ. ಮೊನ್ನೆ ಊರಿಗೆ ಹೊರಟಾಗ, ಬರೀ ಹುಣಸೂರು ಬಸ್ಸಿಗೆ, ಅವನು ಬ್ಯಾಗನ್ನು ಚಾಪೆ ಮೇಲೆ ಸುರಿದು ಎಲ್ಲ ಜೇಬು ಹೊರಗೆ ಎಳೆದ. ಮೊದಲಾಗಿದ್ದರೆ ನಗುತ್ತಿದ್ದೆವು. ಈಗ ನಾವು ಮೂವರೂ ನಮ್ಮ ನಮ್ಮ ಬ್ಯಾಗು ತಂದು ಪಕ್ಕದಲ್ಲೇ ಸುರಿದೆವು.