9999 ಆಟದ ಕ್ಯಾಸೆಟ್ಟು ಮತ್ತು ಅಕ್ಕನ ಟ್ಯಾಂಕು

ಹಳೇ ವಿಡಿಯೋ ಗೇಮುಗಳನ್ನ ಹತ್ತೋ ಹನ್ನೊಂದೋ ಸೇರಿಸಿ ಗಂಟು ಕಟ್ಟಿ, ಹೊಸ ಕನ್ಸೋಲುಗಳಿಗೆ ಮತ್ತೆ ಮಾರೋದು ಒಂದು ಒಳ್ಳೇ ವ್ಯಾಪಾರ. ಹೆಸರುಗಳು ಮಾತ್ರ ಬಲು ಗಂಭೀರ: ಕಲೆಕ್ಷನ್, ಆ್ಯನಿವರ್ಸರಿ, ಮ್ಯೂಸಿಯಂ. ಇದೇನು ಹೊಸ ಐಡಿಯಾ ಅಲ್ಲ. ನಿಂಟೆಂಡೊ 1993ರಲ್ಲೇ ತನ್ನ ಹಳೇ ಮಾರಿಯೋ ಆಟಗಳನ್ನ ಹೊಳಪು ಕೊಟ್ಟು ಒಂದೇ ಕ್ಯಾಸೆಟ್ಟಿಗೆ ತುಂಬಿತ್ತು. 2020ರಲ್ಲಿ ಇನ್ನೊಂದು ಮಾರಿಯೋ ಗಂಟು ತಂದು, 2021ರ ಮಾರ್ಚ್ 31ಕ್ಕೆ ಮಾರಾಟ ಬಂದ್ ಅಂತ ಮೊದಲೇ ಹೇಳಿಬಿಡ್ತು. ಚಿಕ್ಕಪೇಟೆ ಸೀರೆ ಅಂಗಡಿಯವರ 'ಸ್ಟಾಕ್ ಇರೋವರೆಗೆ ಮಾತ್ರ' ಬೋರ್ಡು ನೆನಪಾಯ್ತು ನನಗೆ.

ದಾಬಸ್‌ಪೇಟೆಯಲ್ಲಿ ಬೆಳೆದ ನಮ್ಮಂಥೋರಿಗೆ ಇದು ಸ್ವಲ್ಪ ತಮಾಷೆಯಾಗಿ ಕಾಣುತ್ತೆ. ಯಾಕಂದ್ರೆ ನಾವು ಶುರು ಮಾಡಿದ್ದೇ ಕಲೆಕ್ಷನ್‌ನಿಂದ. 1998ರಲ್ಲಿ ಅಪ್ಪ ಮೆಜೆಸ್ಟಿಕ್ ಕಡೆಯಿಂದ ತಂದ ಟಿವಿ ಗೇಮ್ ಡಬ್ಬದ ಜೊತೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಅಂತ ಬರೆದಿತ್ತು. ಜಪಾನಿನ ಫ್ಯಾಮಿಕಾಮ್‌ನ ನಕಲು ಅದು. ಹೆಸರು, ಬಿಲ್ಲು, ಗ್ಯಾರಂಟಿ ಒಂದೂ ಇರಲಿಲ್ಲ. 9999ರಲ್ಲಿ ನಿಜವಾದ ಆಟ ಇಪ್ಪತ್ತೋ ಮೂವತ್ತೋ ಇರಬಹುದು. ಮಿಕ್ಕಿದ್ದೆಲ್ಲ ಅದೇ ಆಟ ಬೇರೆ ಹೆಸರಲ್ಲಿ, ಇಲ್ಲಾ ಐದನೇ ಲೆವೆಲ್ಲಿನಿಂದ ಶುರು ಆಗೋದು. ಕ್ಯಾಸೆಟ್ ಓಡದಿದ್ರೆ ತೆಗೆದು 'ಉಫ್' ಅಂತ ಊದಿ ಮತ್ತೆ ಹಾಕೋದು. ಅಡಾಪ್ಟರ್ ಕಾದ್ರೆ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ವಿ. (ಯಾರೂ ಹಾಕಬೇಡಿ. ನಾವು ಹೇಗೆ ಬದುಕಿದ್ವೋ ದೇವರಿಗೇ ಗೊತ್ತು.)

ಈಗಿನ ಕಲೆಕ್ಷನ್ನುಗಳ ಅಚ್ಚುಕಟ್ಟು ನೋಡಿದ್ರೆ ಹೊಟ್ಟೆ ಉರಿಯುತ್ತೆ. 2019ರ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್‌ನಲ್ಲಿ ಆರ್ಕೇಡಿನ ಕಾಂಟ್ರಾ ಇದೆ, ಅಮೆರಿಕದ್ದಿದೆ, ಜಪಾನಿನದ್ದಿದೆ, ಯುರೋಪಿನವರಿಗೆ ಅಂತ ಸೈನಿಕರನ್ನ ತೆಗೆದು ರೋಬೋಟು ಹಾಕಿದ ಅವತಾರವೂ ಇದೆ. ನಮ್ಮೂರಿನ ಅವತಾರ ಮಾತ್ರ ಇಲ್ಲ. ಇರೋಕೂ ಸಾಧ್ಯವಿಲ್ಲ ಬಿಡಿ, ಕಳ್ಳಮಾಲನ್ನ ಯಾವ ಕಂಪನಿ ತಾನೇ ಮ್ಯೂಸಿಯಂನಲ್ಲಿಡುತ್ತೆ? ಹಾಗಂತ ಅಸಲಿ ಆಟಗಳೆಲ್ಲ ಭದ್ರವಾಗಿವೆ ಅಂದ್ಕೋಬೇಡಿ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ 87% ಇವತ್ತು ದುಡ್ಡು ಕೊಡ್ತೀನಿ ಅಂದ್ರೂ ಅಂಗಡಿಯಲ್ಲಿ ಸಿಗಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತ್ತು.

ಆಟ ಸಿಕ್ಕಿದ್ರೂ ಕೆಲವು ವಾಪಸ್ ಬರಲ್ಲ. ಬಾತುಕೋಳಿ ಹೊಡೆಯೋ ಡಕ್ ಹಂಟ್ ನೆನಪಿದೆಯಾ? ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಮಾತ್ರ ಬಿಳಿ ಚೌಕ ಮೂಡ್ತಿತ್ತು. ಬಂದೂಕಿನ ಮೂತಿಯಲ್ಲಿರೋ ಕಣ್ಣು ಆ ಬೆಳಕನ್ನ ಹುಡುಕ್ತಿತ್ತು. ಇದೆಲ್ಲ ದಪ್ಪ ಬೆನ್ನಿನ ಹಳೇ ಟಿವಿಯ ವೇಗಕ್ಕೆ ಹೊಂದಿಸಿದ ಲೆಕ್ಕ. ಈಗಿನ ಚಪ್ಪಟೆ ಟಿವಿ ಚಿತ್ರ ತೋರಿಸೋದು ಒಂಚೂರು ತಡ. ಅಷ್ಟು ಸಾಕು, ಆ ಬಂದೂಕು ಕುರುಡು.

ನಮ್ಮನೇಲಿ ಬಂದೂಕಿಗಿಂತ ಟ್ಯಾಂಕಿನ ಹುಚ್ಚು ಜಾಸ್ತಿ. ಅದರ ಅಸಲಿ ಹೆಸರು ಬ್ಯಾಟಲ್ ಸಿಟಿ, ನ್ಯಾಮ್ಕೋದವರು 1985ರಲ್ಲಿ ಜಪಾನಿನಲ್ಲಿ ತಂದಿದ್ದು. ಆಗ ಅಮೆರಿಕದ ಮಾರುಕಟ್ಟೆಗೆ ಅದು ಬರಲೇ ಇಲ್ಲ. ಅವರಿಗೆ ಸಿಗದ ಆಟ ನಮ್ಮೂರ ಹುಡುಗರಿಗೆ ಬಾಯಿಪಾಠ! ಕೆಳಗೆ ನಡುವೆ ಒಂದು ಹದ್ದು, ಸುತ್ತ ಇಟ್ಟಿಗೆ ಗೋಡೆ. ಮೇಲಿಂದ ಇಪ್ಪತ್ತು ಶತ್ರು ಟ್ಯಾಂಕು ಇಳಿದು ಬರುತ್ವೆ. ಇಬ್ಬರು ಸೇರಿ ಹದ್ದು ಕಾಯಬೇಕು. ತಪ್ಪಿ ಜೊತೆಗಾರನಿಗೆ ಗುಂಡು ತಗುಲಿದ್ರೆ ಅವನು ಸ್ವಲ್ಪ ಹೊತ್ತು ಅಲ್ಲಾಡೋ ಹಾಗಿಲ್ಲ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಇದನ್ನ ಬೇಕಂತಲೇ ಮಾಡ್ತಿದ್ದಳು.

ಅದಕ್ಕಿಂತ ಅವಳಿಗೆ ಇಷ್ಟ ಇದ್ದಿದ್ದು 'ಕನ್‌ಸ್ಟ್ರಕ್ಷನ್'. ಅಲ್ಲಿ ನಮ್ಮ ಊರು ನಾವೇ ಕಟ್ಟಬಹುದು: ಇಟ್ಟಿಗೆ, ಸ್ಟೀಲು, ನೀರು, ಗಿಡ, ಮಂಜುಗಡ್ಡೆ. ಅಕ್ಕ ಕಟ್ಟುತ್ತಿದ್ದದ್ದು ನಮ್ಮನೆ. ಮೇಲ್ಗಡೆ ತುಮಕೂರು ರೋಡು, ಆಮೇಲೆ ಜಗುಲಿ, ನಡುಮನೆ, ಪಕ್ಕದಲ್ಲಿ ನೀರಿನ ಚೌಕದಲ್ಲಿ ಬಚ್ಚಲು, ಹಿತ್ತಲ ಹುಣಸೆ ಮರಕ್ಕೆ ಹಸಿರು. ಅಡುಗೆಮನೆ ಹಿಂದ್ಗಡೆ ಇದ್ದದ್ದರಿಂದ ಹದ್ದು ಅಂದ್ರೆ ಅಮ್ಮ. ಆದ್ರೆ ಆ ಕ್ಯಾಸೆಟ್ಟಿನಲ್ಲಿ ಏನನ್ನೂ ಉಳಿಸಿಡೋಕೆ ಆಗ್ತಿರಲಿಲ್ಲ. ಸಂಜೆ ಕರೆಂಟು ಹೋಯ್ತು ಅಂದ್ರೆ ಮನೆಯೂ ಹೋಯ್ತು. ಮರುದಿನ ಮತ್ತೆ ಮೊದಲಿಂದ ಇಟ್ಟಿಗೆ.

ನಾನು ಹೈಸ್ಕೂಲಲ್ಲಿದ್ದಾಗ ಹೆದ್ದಾರಿ ಅಗಲವಾಯ್ತು. ಜಗುಲಿ, ನಡುಮನೆ ರಸ್ತೆಗೆ ಹೋಯ್ತು. ಉಳಿದದ್ದನ್ನ ಇಟ್ಕೊಂಡು ಮಾಡೋದೇನು ಅಂತ ಅಪ್ಪ ಕೆಡವಿಸಿ ಒಳಗಡೆ ಸೈಟಿನಲ್ಲಿ ಬೇರೆ ಕಟ್ಟಿದರು. ಪರಿಹಾರದಲ್ಲಿ ಮಿಕ್ಕ ದುಡ್ಡಲ್ಲಿ ನನ್ನ ಇಂಜಿನಿಯರಿಂಗ್ ಆಯ್ತು. ಅಕ್ಕ ಪಿಯುಸಿಯಲ್ಲಿ ನನಗಿಂತ ಒಳ್ಳೇ ಮಾರ್ಕ್ಸ್ ತೆಗೆದಿದ್ದಳು. ಅವಳಿಗೆ ಮದುವೆ ಆಯ್ತು, ದೊಡ್ಡಬಳ್ಳಾಪುರಕ್ಕೆ ಹೋದಳು. ಈ ವಿಷಯ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ.

ನ್ಯಾಮ್ಕೋ 2020ರಲ್ಲಿ ತಂದ ನ್ಯಾಮ್ಕೋ ಮ್ಯೂಸಿಯಂ ಆರ್ಕೈವ್ಸ್ ಅನ್ನೋ ಗಂಟಿನ ಎರಡನೇ ಭಾಗದಲ್ಲಿ 11 ಆಟ, ಅದರಲ್ಲಿ ಬ್ಯಾಟಲ್ ಸಿಟಿಯೂ ಒಂದು. ನನ್ನ ಸ್ವಿಚ್ ಕಲೀಗ್ ಒಬ್ಬ ಸಿಂಗಾಪುರದಿಂದ ತಂದುಕೊಟ್ಟಿದ್ದು, ಆಟ ಕೊಂಡಿದ್ದು ಡಾಲರಲ್ಲಿ. ಕಳೆದ ಯುಗಾದಿಗೆ ಅಕ್ಕ ಮಗನ ಜೊತೆ ದಾಬಸ್‌ಪೇಟೆಗೆ ಬಂದಿದ್ದಾಗ ಅದನ್ನ ಟಿವಿಗೆ ಹಾಕಿದೆ.

ಅವಳು ಮೊದಲ ಲೆವೆಲ್ಲಲ್ಲೇ ನನಗೊಂದು ಗುಂಡು ಹೊಡೆದು ನಿಲ್ಲಿಸಿದಳು. ಕೈ ಮರೆತಿರಲಿಲ್ಲ. ಆಟವನ್ನ ಹಿಂದಕ್ಕೆ ಓಡಿಸಿ ತಪ್ಪು ತಿದ್ದೋ ಸೌಲಭ್ಯ ಇದೆ ಅಂತ ತೋರಿಸಿದ್ರೆ, "ಥೂ, ಇದೇನು ಆಟನೇನೋ?" ಅಂದಳು. ಸೇವ್ ಮಾಡಬಹುದು ಅಂದಾಗ ಮಾತ್ರ ತಿರುಗಿ ನೋಡಿದಳು.

"ಕಟ್ಟಿದ್ದೂ ಉಳಿಯುತ್ತಾ?"

"ಉಳಿಯುತ್ತೆ ಅಕ್ಕ."

ಒಬ್ಬಟ್ಟಿನ ಹೂರಣ ರುಬ್ಬೋದನ್ನ ಅಮ್ಮನಿಗೆ ಬಿಟ್ಟು ಅರ್ಧ ಗಂಟೆ ಕೂತಳು. ರೋಡು, ಜಗುಲಿ, ನಡುಮನೆ, ಬಚ್ಚಲು. ಹುಣಸೆ ಮರ ಎಡಕ್ಕಿತ್ತಾ ಬಲಕ್ಕಿತ್ತಾ ಅಂತ ಅಪ್ಪನನ್ನ ಕರೆದು ಕೇಳಿದಳು. ಅಪ್ಪ ಕನ್ನಡಕ ಹಾಕ್ಕೊಂಡು ಬಂದು, ಬಲಕ್ಕೆ ಅಂದ್ರು. ಮಗ, ಕಾರು ಎಲ್ಲಿ ನಿಲ್ಲಿಸ್ತಿದ್ರಿ ಅಂತ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.

ಆಮೇಲೆ ನಡುಮನೆ ಪಕ್ಕ, ಹಿಂದೆ ಯಾವತ್ತೂ ಇಲ್ಲದ ಒಂದು ಚೌಕ ಬಂತು.

"ಇದ್ಯಾವುದು? ಇಲ್ಲೇನೂ ಇರಲಿಲ್ಲ," ಅಂದೆ.

"ನನ್ನ ರೂಮು ಕಣೋ. ಓದ್ಕೊಳ್ಳೋಕೆ."

ಅಪ್ಪ ಅಲ್ಲೇ ನಿಂತಿದ್ದರು. ಅಕ್ಕ ಅದರ ಸುತ್ತ ಇಟ್ಟಿಗೆ ತೆಗೆದು ಸ್ಟೀಲ್ ಹಾಕಿದಳು; ಅದು ಸಾಮಾನ್ಯ ಗುಂಡಿಗೆ ಒಡೆಯಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೊದ್ಲು ಸೇವ್ ಮಾಡು, ಆಮೇಲೆ ಆಡೋಣ," ಅಂದಳು. ಮಾಡಿದೆ. ಮೇಲಿಂದ, ತುಮಕೂರು ರೋಡಿನ ಕಡೆಯಿಂದ, ಮೊದಲ ಟ್ಯಾಂಕು ಇಳೀತು.