ತಿರುವಿನ ಲೆಕ್ಕ

ನೆಟ್ಟಗಿನ ರಸ್ತೆಯಲ್ಲಿ ಯಾರೂ ಗಾಡಿ ಓಡಿಸಿಯಾರು. ಚಾಲಕನ ಬೆಲೆ ತಿಳಿಯುವುದು ತಿರುವಿನಲ್ಲಿ. ಡೊಂಬಿವಲಿಯ ಗುಮಾಸ್ತರಾದ ನಮಗೂ ಮೋಟಾರು ಪಂದ್ಯಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ತಂದವನು ಪಕ್ಕದ ಮನೆಯ ಹುಡುಗ. ನವಿ ಮುಂಬಯಿಯಲ್ಲಿ ನೌಕರಿ, ಸಾಲದ ಮೇಲೆ ಹೊಸ ಕಾರು. ಟೀವಿಯಲ್ಲಿ ಪಂದ್ಯ ನೋಡಿ ನೋಡಿ, ಮಳೆಗಾಲದಲ್ಲಿ ಮಾಳಶೇಜ ಘಾಟಿನ ತಿರುವುಗಳನ್ನು ಅದೇ ಪ್ರಕಾರ ಹೊಡೆಯುವ ಹುಮ್ಮಸ್ಸು ಅವನಿಗೆ. ಅವನ ತಾಯಿ, "ನೀವರೆ ನಾಲ್ಕು ಮಾತು ಹೇಳ್ರಿ" ಎಂದು ನಮ್ಮಲ್ಲಿಗೆ ಕಳಿಸಿದರು.

ಪಂದ್ಯದ ವಿದ್ಯೆಯನ್ನು ನಾವು ಹಳಿಯಲಿಲ್ಲ. ಮದರಾಸಿನ ಬಳಿ ಶೋಳಾವರದ ಹಳೆಯ ವಿಮಾನ ಓಡುದಾರಿಯಲ್ಲಿ ಬೆಳೆದ ವಿದ್ಯೆ ಅದು. 2011ರಲ್ಲಿ ದಿಲ್ಲಿಯ ಹತ್ತಿರದ ಬುದ್ಧ ಟ್ರ್ಯಾಕಿಗೆ ಫಾರ್ಮುಲಾ ಒನ್ನೇ ಬಂತು: 5.125 ಕಿಲೋಮೀಟರು ಸುತ್ತು, 16 ತಿರುವು. ಅಲ್ಲಿನ ಸೂತ್ರವಿಷ್ಟು: ನೆಟ್ಟಗಿರುವಾಗಲೇ ಬ್ರೇಕು ಮುಗಿಸು, ಹೊರ ಅಂಚಿನಿಂದ ಹೊರಳು, ಒಳ ಅಂಚನ್ನು ತಡವಾಗಿ ಮುಟ್ಟು, ಆಮೇಲೆ ಚಕ್ರ ಬಿಡಿಸುತ್ತ ವೇಗ ಕೊಡು. ಒಳ ಅಂಚನ್ನು ಅವಸರದಲ್ಲಿ ಮುಟ್ಟಿದವನಿಗೆ ಕೊನೆಯಲ್ಲಿ ರಸ್ತೆಯೇ ಸಾಲದು.

"ಮತ್ತೇನು ಕಾಕಾ, ಹಾಗೇ ಮಾಡತೀನಿ" ಎಂದ.

ನಮ್ಮ ಬಿ.ಎಸ್‌ಸಿ. ಕಚೇರಿಯ ಕಡತಗಳಿಗೆ ಎಂದೂ ಬೇಕಾಗಿಲ್ಲ. ಅಂದು ಕೆಲಸಕ್ಕೆ ಬಂತು. 50 ಮೀಟರು ತ್ರಿಜ್ಯದ ತಿರುವನ್ನು 40 ಕಿಲೋಮೀಟರು ವೇಗದಲ್ಲಿ ತಿರುಗಿದರೆ ಟೈರುಗಳು ಕಾರಿನ ತೂಕದ ಕಾಲು ಭಾಗದಷ್ಟು ಬಲದಿಂದ ನೆಲವನ್ನು ಹಿಡಿಯಬೇಕು. ವೇಗ 80 ಆದರೆ ಬಲ ಇಮ್ಮಡಿಯಲ್ಲ, ನಾಲ್ಮಡಿ: ಕಾರಿನ ಇಡೀ ತೂಕದಷ್ಟು! ಒದ್ದೆ ರಸ್ತೆಯಲ್ಲಿ ಅದರ ಅರ್ಧ ಹಿಡಿತ ಸಿಕ್ಕರೂ ಪುಣ್ಯ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಜಾರಿದವನಿಗೆ ಬಯಲಿದೆ. ಘಾಟಿನಲ್ಲಿ ಆ ಹೊರ ಅಂಚು ಎದುರಿನಿಂದ ಬರುವ ಲಾರಿಯ ಸೊತ್ತು.

ಹುಡುಗ ಸುಮ್ಮನಾಗಲಿಲ್ಲ. "ದಿನಾ ಮುಂಬ್ರಾ ತಿರುವಿನಾಗ ಲೋಕಲ್ ಬಾಗಿಲಿಗೆ ಜೋತುಬೀಳೋರು ನೀವು. ಅದರ ಲೆಕ್ಕ ಏನು?"

ಪ್ರಶ್ನೆ ನಾಟಿತು. 2025ರ ಜೂನ್ 9ರ ಬೆಳಗ್ಗೆ ಅದೇ ತಿರುವಿನಲ್ಲಿ, ಎದುರುಬದುರು ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿದ್ದವರು ಹಳಿಗಳ ಮೇಲೆ ಬಿದ್ದರು. ಕೆಲವರು ಮನೆಗೆ ಮರಳಲಿಲ್ಲ. ಗಾಡಿ ತಿರುಗಿದರೂ ಮೈ ನೆಟ್ಟಗೇ ಹೋಗಲು ನೋಡುತ್ತದೆ. ಅದಕ್ಕೆ ತೋಳಿನ ಹಿಡಿತವೊಂದೇ ಆಸರೆ. ಅಂದು ಸಂಜೆ ನಮ್ಮ ಕಟ್ಟಡದ ಎಷ್ಟೋ ಹೆಂಗಸರು ಬಾಲ್ಕನಿ ಬಿಟ್ಟು ಒಳಗೆ ಹೋಗಿರಲಿಲ್ಲ.

"ಅಲ್ಲಿ ವೇಗ ನಮ್ಮ ಕೈಯಲ್ಲಿಲ್ಲಪ್ಪ" ಎಂದೆವು. "ಒಳಗೆ ಕಾಲಿಡಲು ಜಾಗವಿಲ್ಲ, ಮಸ್ಟರು ಕಾಯುವುದಿಲ್ಲ. ಹೊಟ್ಟೆಪಾಡಿಗೆ ಆ ತಿರುವು ದಾಟುತ್ತೇವೆ. ನಿನ್ನ ಕಾರಿನ ವೇಗ ನಿನ್ನ ಕಾಲಡಿಯಲ್ಲಿದೆ. ಕೈಯಲ್ಲಿಲ್ಲದ ಅಪಾಯ ನಮಗೆ ಸಾಕಷ್ಟಿದೆ. ಕೈಯಲ್ಲಿರುವುದನ್ನೂ ಯಾಕೆ ಕರೆಯಬೇಕು?"

ಅವನು ಉತ್ತರಿಸಲಿಲ್ಲ. ಆ ಭಾನುವಾರ ಘಾಟಿಗೆ ಹೋದ, ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು.

ರಜೆಯಲ್ಲಿ ಖಂಡಾಳಾ, ಅಂಬೋಲಿ ಘಾಟು ಹತ್ತಿಳಿದು ಊರಿಗೆ ಹೋಗುವ ನಮ್ಮ ಬಂಧುಗಳಿಗೂ ಇಷ್ಟೇ ಮಾತು. ಪಂದ್ಯದವರಿಂದ ಅರ್ಧ ವಿದ್ಯೆಯನ್ನಷ್ಟೇ ಕಲಿಯೋಣ: ತಿರುವಿಗೆ ಮೊದಲೇ ನಿಧಾನಿಸುವುದು. ಉಳಿದರ್ಧ ಅವರ ಟ್ರ್ಯಾಕಿಗೇ ಇರಲಿ.