ಅವ್ವನಿಗೆ ಹೇಳದೆ ಉಳಿಸಿದ್ದು

ನನ್ನ ಪ್ಯಾಂಟುಗಳೆಲ್ಲ ಒಂದೇ ಜಾಗದಲ್ಲಿ ಸವೆಯುತ್ತಿದ್ದವು, ಎಡ ಮಂಡಿಗಿಂತ ತುಸು ಮೇಲೆ. ಹೆಜ್ಜೆ ಇಡುವಾಗಲೆಲ್ಲ ಎಡಗೈಯನ್ನು ಅಲ್ಲಿ ಊರಬೇಕಿತ್ತು, ಇಲ್ಲದಿದ್ದರೆ ಮಂಡಿ ಮಡಿಚಿ ಬೀಳುತ್ತಿದ್ದೆ. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ನಾನು ಅದಕ್ಕೂ ಮೊದಲು ಹುಟ್ಟಿ ಪೋಲಿಯೊಗೆ ತುತ್ತಾದವನು.

ನನ್ನೂರು ಕುಂತೂರಿನಲ್ಲಿ ಇದು ಯಾರಿಗೂ ವಿಶೇಷವಾಗಿರಲಿಲ್ಲ. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನನಗೇ ಅದು ದೊಡ್ಡದಾಯಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಕೂತರೆ ಎಡಗಾಲಿನ ಪ್ಯಾಂಟು ಚಪ್ಪಟೆಯಾಗಿ ಕುರ್ಚಿಗೆ ಅಂಟಿಕೊಳ್ಳುತ್ತಿತ್ತು. ಸಣಕಲು ತೊಡೆಗೆ ಸಿಲಿಕೋನ್ ಇಟ್ಟು ಎರಡೂ ಕಾಲನ್ನು ಸಮ ಕಾಣಿಸುತ್ತಾರೆಂದು ಗೊತ್ತಾದ ರಾತ್ರಿ ನಿದ್ದೆ ಹತ್ತಲಿಲ್ಲ.

ಅವ್ವನಿಗೆ ‘ಕಾಲಿನ ಆಪರೇಷನ್’ ಎಂದಷ್ಟೇ ಹೇಳಿದೆ. ಕಾಲಿಗೆ ಬಲ ಬರುತ್ತದೆ ಅಂದುಕೊಂಡಳು. ಅಂದುಕೊಳ್ಳಲಿ ಅಂತ ಬಿಟ್ಟೆ. ಆ ವರ್ಷ ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲನ್ನು ಪೂರ್ತಿ ನನ್ನ ಕೈಗಿಟ್ಟಳು. ಅದೂ ಸಾಲದೆ ಕೊಳ್ಳೇಗಾಲದಲ್ಲಿ ಸರ ಗಿರವಿ ಇಟ್ಟಳು. ಮಗ ಬೆಟ್ಟಕ್ಕೆ ನಡೆದು ಬರುತ್ತಾನೆಂದು ಮಾದಪ್ಪನಿಗೆ ಹರಕೆಯನ್ನೂ ಹೊತ್ತಳು.

ಪೋಲಿಯೊ ವೈರಾಣು ಕೆಡಿಸುವುದು ತೊಡೆಯನ್ನಲ್ಲ, ಬೆನ್ನುಹುರಿಯಲ್ಲಿದ್ದು ಸ್ನಾಯುವನ್ನು ಆಡಿಸುವ ನರಕೋಶಗಳನ್ನು. ಅವು ಸತ್ತರೆ ಸ್ನಾಯು ಸೊರಗುತ್ತದೆ. ಒಳಗೆ ಸೇರಿಸಿದ ಸಿಲಿಕೋನ್ ದಪ್ಪ ಕೊಡುತ್ತದೆಯೇ ಹೊರತು ಮಂಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ವೈದ್ಯರು ಇದನ್ನು ಹೇಳಿದ್ದರು, ನಾನು ತಲೆಯಾಡಿಸಿ ಸಹಿ ಹಾಕಿದ್ದೆ. ಮಂಚದ ಮೇಲೆ ಮಲಗಿಸಿ ಅಳತೆ ತೆಗೆದರು, ಪೆನ್ನಿನಲ್ಲಿ ಗೆರೆ ಎಳೆದರು. ನಡೆಸಿ ನೋಡಿದವರು ಯಾರೂ ಇಲ್ಲ. ಕೈ ಊರಿ ನಡೆಯುತ್ತೇನೆಂದು ನಾನೂ ಬಾಯಿ ಬಿಡಲಿಲ್ಲ. ಬಿಟ್ಟರೆ ಬೇಡ ಎಂದುಬಿಡುತ್ತಾರೇನೋ ಎಂಬ ಭಯ.

ಊತ ಇಳಿದ ಮೇಲೆ ಕನ್ನಡಿಯಲ್ಲಿ ಕಾಲು ಚೆನ್ನಾಗಿಯೇ ಕಂಡಿತು. ನಡೆಯಲು ಎದ್ದಾಗ ಕೈ ಹಳೆಯ ಜಾಗಕ್ಕೇ ಹೋಯಿತು. ಅಂಗೈ ಒತ್ತುವಲ್ಲೇ ಸಿಲಿಕೋನಿನ ಕೆಳ ಅಂಚು! ಪೋಲಿಯೊ ಬಲವನ್ನು ಕಸಿಯುತ್ತದೆ, ಸ್ಪರ್ಶವನ್ನಲ್ಲ. ನೋವು ಒಂದಿಷ್ಟೂ ಕಡಿಮೆಯಾಗದೆ ತಿಳಿಯುತ್ತಿತ್ತು. ದಿನಾ ಒತ್ತಿ ಒತ್ತಿ ಅದು ಜರುಗಿತು, ಸುತ್ತ ನೀರು ತುಂಬಿಕೊಂಡಿತು, ಕಡೆಗೆ ತೆಗೆಸಬೇಕಾಯಿತು.

ಊರಿಗೆ ಹೋದಾಗಲೆಲ್ಲ ಅವ್ವ ಕೇಳುತ್ತಿದ್ದಳು, “ಈಗ ಮೆಟ್ಲು ಅತ್ತಿಯಾ ಮಗ?” “ಇನ್ನೊಂಚೂರು ದಿನ ಕಣವ್ವ” ಅನ್ನುತ್ತಿದ್ದೆ. ನೋವಿಗಿಂತ ಆ ಉತ್ತರವೇ ನನ್ನನ್ನು ಹೆಚ್ಚು ಹಿಂಡಿತು.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮನೆಯಲ್ಲಿ ಹೇಳದೆ ಹೋಗಿದ್ದರೆಂದು ಸುದ್ದಿಯಾಯಿತು. ಟಿವಿ ಮುಂದೆ ಕೂತಿದ್ದ ಅವ್ವ, “ಅಪ್ಪ ಅವ್ವುಂಗಾದ್ರೂ ಒಂದ್ ಮಾತ್ ಏಳ್ಬಾರ್ದಾಗಿತ್ತಾ ಆ ಮಗ” ಅಂದಳು. ಪಕ್ಕದಲ್ಲಿ ಕೂತಿರಲು ನನ್ನಿಂದಾಗಲಿಲ್ಲ. ಅವತ್ತೇ ಎಲ್ಲವನ್ನೂ ಹೇಳಿದೆ: ಬಲಕ್ಕಲ್ಲ, ಚೆಂದಕ್ಕೆ ಅಂತ. ಬಯ್ಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ: “ಅಂಗಾರೆ ನಡಿಯಾಕೆ ಏನೂ ಇಲ್ವಾ?”

ನಾನು ಯಾವ ವೈದ್ಯರನ್ನೂ ಕೇಳದೇ ಇದ್ದ ಪ್ರಶ್ನೆ ಅದು. ಅದನ್ನೇ ಹಿಡಿದುಕೊಂಡು ಮೈಸೂರಿಗೆ ಹೋದೆ. ಅಲ್ಲಿ ಮೊದಲು ನನ್ನನ್ನು ಕಾರಿಡಾರಿನ ಉದ್ದಕ್ಕೂ ನಡೆಸಿದರು. ಈಗ ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಕಟ್ಟುತ್ತೇನೆ. ಭಾರ ಇದೆ, ಸೆಕೆಗಾಲದಲ್ಲಿ ಪಟ್ಟಿಯ ಕೆಳಗೆ ಚರ್ಮ ಕೆಂಪಾಗುತ್ತದೆ, ಪ್ಯಾಂಟಿನ ಮೇಲೂ ಅದರ ಗುರುತು ಎದ್ದು ಕಾಣುತ್ತದೆ. ಮಂಡಿಯ ಲಾಕ್ ಹಾಕಿದರೆ ಎರಡೂ ಕೈಯಲ್ಲಿ ಚೀಲ ಹಿಡಿದು ಸಂತೆಯಿಂದ ಬರುತ್ತೇನೆ. ಅವ್ವನ ಸರ ಮಾತ್ರ ಇನ್ನೂ ಗಿರವಿಯಲ್ಲೇ ಇದೆ. ಈ ಸಲದ ಕಬ್ಬಿನ ಬಿಲ್ಲು ಬಂದ ಕೂಡಲೇ ಬಿಡಿಸಬೇಕು.